ತೂಬಿನ ಕಲ್ಲಿನಿಂದ ಒಂದು ಸುತ್ತು

ಪೆಟ್ರೋಲಿನ ಜೊತೆ ಎಣ್ಣೆ ಸುಟ್ಟ ಆ ಕಮಟು ಹೊಗೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಹೋದ ತಿಂಗಳು ಬಿಳಿಗೆರೆ ಹತ್ತಿರದ ನಮ್ಮ ತವರಿನ ತೋಟಕ್ಕೆ ಹೋಗಿದ್ದೆ. ಕೆಲಸದ ಮಂಜಣ್ಣ ಹುಲ್ಲು ಸವರುವ ಮೆಷೀನನ್ನು ಹೆಗಲಿಗೆ ನೇತುಹಾಕಿಕೊಂಡು ತೆಂಗಿನ ಸಾಲಿನ ನಡುವೆ ಗುರ್ ಗುರ್ ಎನ್ನಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಪೆಟ್ರೋಲಿಗೆ ಬೆರೆಸುವ ಎಣ್ಣೆ ಮುಗಿದಿತ್ತು. ಹಲ್ಲು ಕಿರಿಯುತ್ತ ಬಂದು, "ಒಸಿ ಕೊಬ್ರಿ ಎಣ್ಣೆ ಇದ್ರೆ ಕೊಡಿ ಕಣಮ್ಮ, ಅದ್ನೇ ಹುಯ್ದು ಓಡುಸ್ತೀನಿ" ಅಂದ.

ಅವನು ಅಂದದ್ದು ತಮಾಷೆಗೆ. ನಾನು ಮಾತ್ರ, "ತಗೊಂಡೋಗಿ ನಿನ್ ನೆತ್ತಿಗೆ ಹಾಕ್ಕೊಳ್ಳೋ, ಬುದ್ಧಿಯಾದ್ರೂ ತಣ್ಣಗಾಗ್ಲಿ" ಎಂದು ಕಿರುಚಿದೆ. ಅಲ್ಲೇ ಕಟ್ಟೆಯ ಮೇಲೆ ಎಡಗಾಲು ನೆಟ್ಟಗೆ ಚಾಚಿ ಕೂತಿದ್ದ ನನ್ನಣ್ಣ ರುದ್ರೇಶ ನಕ್ಕ. ಅವನು ನಕ್ಕದ್ದು ನೋಡಿ ಇನ್ನಷ್ಟು ಉರಿಯಿತು. ಅವನಿಗೆ ಮರೆತಿರಬಹುದು. ನನಗೆ ಆ ವರ್ಷದ್ದು ಯಾವುದೂ ಮರೆತಿಲ್ಲ.

ಎಂಬತ್ತರ ದಶಕದ ಶುರುವಿನ ಮಾತು. ಅಣ್ಣನನ್ನು ಡಿಪ್ಲೊಮಾ ಓದಲು ಬೆಂಗಳೂರಿಗೆ ಕಳಿಸಿದ್ದರು. ಅವನು ಓದಿದ್ದು ಅಷ್ಟರಲ್ಲೇ ಇತ್ತು. ಮಣ್ಣಿನ ದಿಬ್ಬಗಳ ಮೇಲೆ ಬೈಕು ಹಾರಿಸುವ ಮೋಟೋಕ್ರಾಸ್ ಎಂಬ ಹುಚ್ಚು ಹತ್ತಿಸಿಕೊಂಡ. ಯಾವನೋ ಕಾಫಿ ತೋಟದ ಸಾಹುಕಾರನ ಮಗ ತಾನು ಓಡಿಸಿ ಸಾಕಾದ ಪರದೇಶದ ಬೈಕೊಂದನ್ನು ಇವನಿಗೆ ಕೊಟ್ಟುಬಿಟ್ಟಿದ್ದ. ಊರಲ್ಲಿ ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಗೊತ್ತಾದದ್ದು ಆಸ್ಪತ್ರೆಯಿಂದ ಸುದ್ದಿ ಬಂದಾಗ. ದಿಬ್ಬದಿಂದ ಹಾರಿದವನು ಬೈಕಿನ ಕೆಳಗೇ ಬಿದ್ದಿದ್ದ. ಮಂಡಿ ಚೂರಾಗಿತ್ತು. ಮೂಳೆಯೇನೋ ಕೂಡಿತು, ಎಡಗಾಲು ಮಾತ್ರ ಮತ್ತೆ ಮಡಿಸಲು ಬರಲಿಲ್ಲ.

ತಿಪಟೂರಿನಿಂದ ಕೊಬ್ಬರಿ ತುಂಬಿಕೊಂಡು ಹೋಗಿದ್ದ ಲಾರಿ ವಾಪಸು ಬರುವಾಗ ಅವನನ್ನು ಮುಂದೆ ಕೂರಿಸಿಕೊಂಡು, ಸೊಟ್ಟಗಾದ ಬೈಕನ್ನು ಹಿಂದೆ ಖಾಲಿ ಗೋಣಿಚೀಲಗಳ ಮೇಲೆ ಹಾಕಿಕೊಂಡು ಬಂತು. ಅಪ್ಪ ಮಗನ ಕಾಲು ನೋಡಲಿಲ್ಲ, ಬೈಕು ನೋಡಿದ. "ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂತಂತೆ. ಆ ಶನೀನ ನನ್ ಹೊಸ್ಲು ದಾಟಿಸ್ಬ್ಯಾಡಿ" ಅಂದ. ಅಷ್ಟು ಅಂದು ಅಟ್ಟ ಹತ್ತಿದ. ಅವತ್ತಿನಿಂದ ಅಪ್ಪ ಮಗನ ಮಾತು ನಿಂತಿತು.

ಅಟ್ಟವೇ ಅಪ್ಪನ ಪ್ರಪಂಚ. ನಮ್ಮ ಕಡೆ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹತ್ತಿರ ಹತ್ತಿರ ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದ ಸದ್ದು ಬರಬೇಕು. ಅವಸರ ಮಾಡಿದರೆ ಕೆಟ್ಟಿತು. ಅಪ್ಪ ಅಂಥ ಕೆಲಸ ಮಾಡಿ ಮಾಡಿ ಅಂಥವನೇ ಆಗಿದ್ದ. ಸಿಟ್ಟನ್ನೂ ವರ್ಷಗಟ್ಟಲೆ ಅಟ್ಟದ ಮೇಲಿಟ್ಟು ಒಣಗಿಸುವವನು. ಅಣ್ಣ ಅದಕ್ಕೆ ತದ್ವಿರುದ್ಧ, ಎಲ್ಲವೂ ಈಗಲೇ ಆಗಬೇಕು. ಒಬ್ಬ ಏರಿಗೆಳೆದರೆ ಇನ್ನೊಬ್ಬ ನೀರಿಗೆಳೆಯುತ್ತಿದ್ದ.

ನಾನು ತಿಪಟೂರಿನ ಕಾಲೇಜು ಮುಗಿಸಿ ಮನೆಯಲ್ಲಿದ್ದೆ. ಇವರಿಬ್ಬರ ನಡುವೆ ಅಂಚೆಯವಳ ಕೆಲಸ ನನ್ನ ತಲೆಗೆ ಬಂತು. ಒಂದೇ ಪಡಸಾಲೆಯಲ್ಲಿ ಮಾರು ದೂರದಲ್ಲಿ ಕೂತು ಒಬ್ಬ, "ನಿಮ್ಮಣ್ಣಂಗೆ ಹೇಳು, ಹಗಲೊತ್ತು ಮಂಚದ ಮ್ಯಾಲೆ ಬಿದ್ದಿರೋ ಗಂಡಸ್ರನ್ನ ನಮ್ಮನೇಲಿ ಕಂಡಿರ್ನಿಲ್ಲ ಅಂತ" ಅನ್ನುವುದು. ಇನ್ನೊಬ್ಬ, "ನಿಮ್ಮಪ್ಪಂಗೆ ಹೇಳು, ಮಂಚ ಮಾರ್ಕಳ್ಳಿ ಅಂತ" ಅನ್ನುವುದು. ಇಬ್ಬರಿಗೂ ಕಿವಿ ಚೆನ್ನಾಗಿಯೇ ಇತ್ತು. ಆದರೂ ನಾನು ನಡುವೆ ನಿಂತು ಒಪ್ಪಿಸಬೇಕು. ಒಪ್ಪಿಸದಿದ್ದರೆ ಇಬ್ಬರೂ ಸೇರಿ ನನ್ನನ್ನು ಬಯ್ಯುತ್ತಿದ್ದರು. ಆ ಒಂದು ವಿಷಯದಲ್ಲಿ ಮಾತ್ರ ಅವರಿಗೆ ಒಗ್ಗಟ್ಟಿತ್ತು.

ಮಳೆಗಾಲವೆಲ್ಲ ಅಣ್ಣ ಮಂಚದ ಮೇಲೆ ಗೋಡೆ ನೋಡುತ್ತ ಮಲಗಿದ. ಗಡ್ಡ ಬಿಟ್ಟ. ಅಮ್ಮ ತಟ್ಟೆ ತಂದಿಟ್ಟರೆ ಅರ್ಧ ತಿಂದು ತಳ್ಳುತ್ತಿದ್ದ. ಇಪ್ಪತ್ತು ದಾಟಿದ ಹುಡುಗ ಹಾಗೇ ಮಂಚದಲ್ಲೇ ಮುದುಕನಾಗುತ್ತಾನೆ ಎಂದು ನನಗೆ ನಿಜಕ್ಕೂ ಭಯವಾಗಿತ್ತು. ಭಯವಾದಾಗ ನನಗೆ ಬಯ್ಯುವುದೊಂದೇ ಬರುತ್ತಿತ್ತು. ಬಯ್ದೆ.

ಅವನನ್ನು ಎಬ್ಬಿಸಿದ್ದು ತಿಪಟೂರಿನಲ್ಲಿ ಕಬ್ಬಿಣ ಕಡೆಯುವ ಲೇತ್ ಇಟ್ಟುಕೊಂಡಿದ್ದ ಅವನ ಗೆಳೆಯ ಖಲೀಲ. ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಮಕ್ಕಳ ಆಟಕ್ಕೆಂದು ಎಲ್ಲಿಂದಲೋ ಒಂದು ಗೋ-ಕಾರ್ಟ್ ತರಿಸಿದ್ದರಂತೆ. ನಾಲ್ಕು ಪುಟ್ಟ ಚಕ್ರ, ಕಬ್ಬಿಣದ ಕೊಳವೆಯ ಚೌಕಟ್ಟು, ನೆಲಕ್ಕೆ ತಾಗುವಂಥ ಒಂದು ಸೀಟು, ಅಷ್ಟೇ. ಅದರ ಸಣ್ಣ ಎಂಜಿನ್ ಕೆಟ್ಟು ಗೋದಾಮಿನ ಹಿಂದೆ ಬಿದ್ದು, ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಖಲೀಲ ಅದನ್ನು ಕೇಳಿ ತಂದು ನಮ್ಮ ಅಂಗಳದಲ್ಲಿಟ್ಟ.

"ಕೂತ್ಕೋ," ಅಂದ.

"ಮಕ್ಕಳ್ ಗಾಡಿ ತಂದು ಆಡಿಸ್ತಿಯೇನೋ ನನ್ಮಗನೆ?"

"ಬೈಯೋದು ಆಮ್ಯಾಕೆ. ಮೊದ್ಲು ಕೂತ್ಕೋ ಭಾಯ್."

ಅಣ್ಣ ಕೋಲೂರಿ ಬಂದು, ಗೊಣಗುತ್ತ ಸೀಟಿಗೆ ಇಳಿದ. ಅದರಲ್ಲಿ ಕಾಲು ಮಡಿಸುವ ಹಾಗಿಲ್ಲ, ಚಾಚಿಯೇ ಕೂರಬೇಕು. ಅವನ ಎಡಗಾಲು ನೆಟ್ಟಗೆ ಮುಂದೆ ಮಲಗಿತು. ಆಸ್ಪತ್ರೆಯಿಂದ ಬಂದ ಮೇಲೆ ಅವನು ಎಲ್ಲರ ಹಾಗೆ ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ಸ್ಟೀರಿಂಗ್ ಹಿಡಿದು ಆಚೀಚೆ ತಿರುಗಿಸಿದ. ಆಮೇಲೆ ಕೊಟ್ಟಿಗೆಯ ಕಡೆ, ಸೊಟ್ಟ ಬೈಕಿನ ಕಡೆ ನೋಡಿದ. ಚೌಕಟ್ಟು ಹೋಗಿದ್ದರೂ ಅದರ ಎಂಜಿನ್ ಗಟ್ಟಿಯಾಗಿತ್ತು.

ಮಾರನೆಯ ದಿನದಿಂದ ಕೊಟ್ಟಿಗೆಯಲ್ಲಿ ಸುತ್ತಿಗೆ ಸದ್ದು. ಅಪ್ಪ ಅದನ್ನು ಎರಡು ದಿನ ತಡೆದುಕೊಂಡ. ಮೂರನೆಯ ದಿನ, "ಪೆಟ್ರೋಲ್ ನಾತ ಅಟ್ಟಕ್ಕೋದ್ರೆ ಕೊಬ್ರಿ ಮೂಸಿ ನೋಡಿ ಎಸೀತಾರೆ. ಹೊರಕ್ಕಾಕು" ಎಂದು ನನ್ನ ಮುಂದೆ ಗುಡುಗಿದ. ಅದು ಸುಳ್ಳೇನಲ್ಲ, ಕೊಬ್ಬರಿ ಯಾವ ವಾಸನೆಯನ್ನಾದರೂ ಹಿಡಿದುಕೊಳ್ಳುತ್ತದೆ. ಆದರೆ ಅಪ್ಪ ಹೇಳಿದ ಧಾಟಿಗೆ ಯಾರಿಗಾದರೂ ಪಿತ್ತ ಕೆರಳಬೇಕು. ಕಾರ್ಟು, ಎಂಜಿನ್ನು, ಅಣ್ಣ ಎಲ್ಲವೂ ತೋಟದ ಬಾವಿ ಪಕ್ಕದ ಪಂಪಿನ ಮನೆಗೆ ಹೋದವು. ತೋಟದ ಆಳುಗಳು ಯಾರೂ ಆ ಕಡೆ ಕೈ ಹಾಕಕೂಡದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದ. ಹಾಗಾಗಿ ಸ್ಪ್ಯಾನರ್ ಎತ್ತಿಕೊಡುವುದು, ಪೈಪು ಹಿಡಿಯುವುದು ನನ್ನ ಪಾಲಾಯಿತು.

ಕೆಲಸ ಸುಲಭವಿರಲಿಲ್ಲ. ಆ ಪುಟ್ಟ ಚೌಕಟ್ಟಿಗೆ ಆ ದೊಡ್ಡ ಎಂಜಿನ್ನು, ಆಡಿನ ಮರಿಗೆ ಕೋಣದ ನೊಗ ಕಟ್ಟಿದ ಹಾಗೆ. ಸೀಟಿನ ಹಿಂದೆ ದಪ್ಪ ತಗಡು ಬೆಸೆದು ಕೂರಿಸಿದರು. ಮೊದಲ ಸಲ ಚೈನು ಒಂದು ಕೂದಲಷ್ಟು ಓರೆಯಾಗಿ, ಹಲ್ಲುಚಕ್ರದಿಂದ ಹಾರಿ ಗೋಡೆಗೆ ಬಡಿಯಿತು. ಗೇರು ಬದಲಿಸುವುದು ಬೈಕಿನಲ್ಲಿ ಎಡಗಾಲಿನ ಕೆಲಸ. ಅದಕ್ಕೆ ಉದ್ದದ ಸರಳು ಕಟ್ಟಿ ಕೈಗೆ ತಂದರು. ಬ್ರೇಕು, ಕ್ಲಚ್ಚು ಕೂಡ ಕೈಗೇ. ಬಲಗಾಲಿಗೆ ಆಕ್ಸಿಲರೇಟರ್ ಒಂದೇ, ಎಡಗಾಲಿಗೆ ಯಾವ ಕೆಲಸವೂ ಇಲ್ಲ. ಕಿಕ್ ಹೊಡೆಯಲು ಸೀಟು ಅಡ್ಡ ಬರುತ್ತಿತ್ತು, ಹಾಗಾಗಿ ತಳ್ಳಿಯೇ ಸ್ಟಾರ್ಟ್ ಮಾಡಬೇಕು. ತಳ್ಳುವವಳು ನಾನು. ಸೆರಗು ಸೊಂಟಕ್ಕೆ ಸಿಕ್ಕಿಸಿ ತಳ್ಳುತ್ತಿದ್ದರೆ ಅವನು ಸೀಟಿನಿಂದಲೇ, "ಉಂಡಿಲ್ವೇನೇ? ಜೋರಾಗ್ ತಳ್ಳು!" ಎಂದು ಕೂಗುತ್ತಿದ್ದ. ಒಂದು ಸಲ ಬೇಕೆಂತಲೇ ಬಾವಿಯ ಕಡೆ ತಿರುಗಿಸಿ ತಳ್ಳಿದೆ. ಆಮೇಲೆ ಸ್ವಲ್ಪ ದಿನ ಮರ್ಯಾದೆಯಿಂದ ಮಾತಾಡಿದ.

ತುರುವೇಕೆರೆ ಕಡೆಯಿಂದ ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತಿದ್ದಾಗಲೇ ತೋಟದಲ್ಲಿ ಆ ಎಂಜಿನ್ನು ಮೊದಲ ಸಲ ಅರಚಿಕೊಂಡಿತು. ಹಸು ಹಗ್ಗ ಕಿತ್ತುಕೊಂಡಿತು. ಗಂಡಿನ ತಾಯಿ ಎದೆ ಹಿಡಿದುಕೊಂಡು, "ಏನ್ರೀ ಅದು?" ಅಂದರು. "ನಮ್ಮನೇ ಶನಿ ಕಣ್ರೀ," ಅಂದ ಅಪ್ಪ. ಅವರು ತಿರುಗಿ ಬರಲಿಲ್ಲ. ಅಪ್ಪ ಅದನ್ನೂ ಅಣ್ಣನ ತಲೆಗೇ ಕಟ್ಟಿದ. ಆ ಗಂಡು ನನಗೆ ಹಿಡಿಸಿದನೇ ಎಂದು ಯಾರೂ ಕೇಳಲಿಲ್ಲ, ಒಂಚೂರೂ ಹಿಡಿಸಿರಲಿಲ್ಲ ಎಂದು ನಾನೂ ಹೇಳಲಿಲ್ಲ.

ಅವತ್ತು ಸಂಜೆ ಅಪ್ಪ ನನ್ನನ್ನು ಕರೆದ. ಅಣ್ಣ ಅಲ್ಲೇ ಕಂಬಕ್ಕೊರಗಿ ನಿಂತಿದ್ದ.

"ನಿಮ್ಮಣ್ಣಂಗೆ ಹೇಳು. ಸಂಕ್ರಾಂತಿ ಬೆಳಗ್ಗೆ ಕೆರೆ ಅಂಗಳಕ್ಕೆ ತರ್ಲಿ ಅದ್ನ. ತೂಬಿನ ಕಲ್ಲಿಂದ ಹೊರಟು, ಹೊಂಗೆ ಮರ ಸುತ್ತಿ, ತಿರುಗಾ ತೂಬಿನ ಕಲ್ಲಿಗೆ. ಒಂದೇ ಒಂದು ಸುತ್ತು. ಬಂದ್ರೆ ಪಂಪಿನ್ ಮನೆ ಅವನ್ದು, ಅಲ್ಲೇ ಮಿಷಿನ್ನು ರಿಪೇರಿ ಮಾಡ್ಕೊಂಡು ಬದುಕ್ಲಿ. ಬರ್ನಿಲ್ಲ ಅಂದ್ರೆ ಆ ಎಂಜಿನ್ನು ಗುಜರಿಗೆ. ಇವ್ನು ಚಿಪ್ಪು ಬಿಡಿಸೋ ಹೆಂಗಸ್ರ ಸಾಲ್ನಾಗೆ ಕೂತ್ಕಳ್ಳಿ."

"ನಿಮ್ಮಪ್ಪಂಗೆ ಹೇಳು," ಅಂದ ಅಣ್ಣ. "ಒಂದ್ಸಲ ಕೂತೆ ಅಂದ್ರೆ ಸುತ್ತು ಮುಗಿಯೋಗಂಟ ಅದ್ರಿಂದ ಇಳಿಯಲ್ಲ ಅಂತ."

ನಾನು ಎರಡನ್ನೂ ಹೇಳಲಿಲ್ಲ. ಇಬ್ಬರಿಗೂ ಕೇಳಿಸಿತ್ತು.

ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲಿನ ಜೊತೆಯಲ್ಲೇ ಎಣ್ಣೆ ಬೆರೆಸಿ ಕುಡಿಸಬೇಕು. ಎಣ್ಣೆ ಸಾಲದಿದ್ದರೆ ಒಳಗಿನ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಅಣ್ಣ ಬೆಂಗಳೂರಿನಿಂದ ತಂದಿದ್ದ ರೇಸಿನ ಎಣ್ಣೆಯ ಡಬ್ಬವನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ಅದನ್ನು ಹರಳೆಣ್ಣೆಯಿಂದ ಮಾಡುತ್ತಾರೆ ಎಂದು ಖಲೀಲ ಹೇಳಿದಾಗ, ಕಾಯಿ ಆರಿಸುತ್ತಿದ್ದ ಅಪ್ಪ ದೂರದಿಂದಲೇ, "ಭೇದಿಗೆ ಕುಡಿಯೋದ್ನ ಎಂಜಿನ್ನಿಗೆ ಹುಯ್ತಾರಂತೆ, ಥೂ" ಎಂದು ಉಗಿದಿದ್ದ. ಹಬ್ಬದ ಹಿಂದಿನ ಸಂಜೆ ಕಾರ್ಟಿನ ಟ್ಯಾಂಕಿಗೆ ಪೆಟ್ರೋಲು ತುಂಬಿ ನೋಡಿದರೆ ಡಬ್ಬದ ತಳದಲ್ಲಿ ಸ್ವಲ್ಪವೇ ಎಣ್ಣೆ ಉಳಿದಿತ್ತು. ಅಣ್ಣ ಅದನ್ನು ಬಗ್ಗಿಸಿ ಬೆರೆಸಿದ. ಮನೆಗೆ ಬಂದು ನನ್ನ ಮೇಲೆ ಹಾರಾಡಿದ. "ಎಣ್ಣೆ ಕಮ್ಮಿ ಐತೆ ಕಣೇ. ಒಂದು ಸುತ್ತಿಗೆ ಸಾಕು, ಆದ್ರೂ ಕಮ್ಮಿನೇ. ನೀನು ಚೆಲ್ಲಿದ್ದು!" ನಾನು ಚೆಲ್ಲಿರಲಿಲ್ಲ. ಅದನ್ನು ಜೋರಾಗಿಯೇ ಹೇಳಿದೆ. ಅಪ್ಪ ಜಗುಲಿಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತ ಎಲ್ಲ ಕೇಳಿಸಿಕೊಂಡ.

ಸಂಕ್ರಾಂತಿ ಬೆಳಗ್ಗೆ ಮೈ ಕೊರೆಯುವ ಚಳಿ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಶೀಶೆಯಲ್ಲಿ ಬೆಣ್ಣೆ ಹಾಗೆ ಗಟ್ಟಿಯಾಗಿತ್ತು. ನಾನು ಎದ್ದಾಗ ಅಪ್ಪ ಬಚ್ಚಲೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ದೇವರ ಮನೆಯ ಹಿತ್ತಾಳೆ ಗಿಂಡಿಯನ್ನು ಉರಿಗೆ ತೋರಿಸುತ್ತಿದ್ದ. ಅದು ದೀಪದ ಎಣ್ಣೆ. ಅಟ್ಟದಿಂದ ಇಳಿಸಿದ ಮೊದಲ ಕೊಬ್ಬರಿಯಲ್ಲಿ ಒಂದೊಂದನ್ನೇ ಆರಿಸಿ, ತಾನೇ ಮುಂದೆ ನಿಂತು ಗಾಣದಲ್ಲಿ ಆಡಿಸಿ ತಂದದ್ದು. ನಾವು ಅದರಲ್ಲಿ ಒಂದು ತೊಟ್ಟು ತಲೆಗೆ ಹಚ್ಚಿಕೊಂಡರೂ ಮನೆ ರಣರಂಗವಾಗುತ್ತಿತ್ತು. ಹಬ್ಬವಲ್ಲವೇ, ದೀಪಕ್ಕೆ ಕರಗಿಸುತ್ತಿದ್ದಾನೆ ಅಂದುಕೊಂಡು ನನ್ನ ಪಾಡಿಗೆ ಹೋದೆ.

ಬಿಸಿಲು ಏರುವ ಮುಂಚೆಯೇ ಕೆರೆ ಅಂಗಳದಲ್ಲಿ ಊರೆಲ್ಲ ಸೇರಿತ್ತು. ಆ ವರ್ಷ ಕೆರೆಯ ನೀರು ಒಂದು ಮೂಲೆಗೆ ಸರಿದು, ಉಳಿದದ್ದೆಲ್ಲ ಗಟ್ಟಿ ಮಣ್ಣು. ಕುಂಟ ರುದ್ರೇಶ ಮಕ್ಕಳ ಗಾಡಿ ಓಡಿಸುತ್ತಾನೆಂದು ನಗಲು ಬಂದವರೇ ಹೆಚ್ಚು. ಖಲೀಲ ಒಂದು ಕಡೆ, ನಾನೊಂದು ಕಡೆ ತಳ್ಳಿದೆವು. ಎಂಜಿನ್ನು ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು.

ಆ ಮೇಲಿನದನ್ನು ನೆನೆಸಿಕೊಂಡರೆ ಸಿಟ್ಟಿನ ನಡುವೆಯೂ ಮೈ ಜುಮ್ಮೆನ್ನುತ್ತದೆ. ನಗುತ್ತಿದ್ದವರ ಬಾಯಿ ಮುಚ್ಚಿತು. ನಮ್ಮ ಅಣ್ಣ, ಅಂಗಳ ದಾಟಲು ಕೋಲು ಹುಡುಕುತ್ತಿದ್ದವನು, ಏರಿಯ ಬುಡದಲ್ಲಿ ಧೂಳಿನ ಗೋಡೆ ಎಬ್ಬಿಸಿಕೊಂಡು ಹೋಗುತ್ತಿದ್ದ. ಗೇರು ಬದಲಾದ ಹಾಗೆಲ್ಲ ಸದ್ದು ಮೇಲೇರಿತು. ಹೊಂಗೆ ಮರದ ಹತ್ತಿರ ಹಿಂದಿನ ಚಕ್ರಗಳನ್ನು ಜಾರಿಸಿ ತಿರುಗಿದ. ಅಲ್ಲಿಗೆ ಅರ್ಧ ಸುತ್ತು. ನಾನು ಎಲ್ಲರೆದುರು ಕಿರುಚುತ್ತ ಕುಣಿಯುತ್ತಿದ್ದೆ.

ಆಗ ಸದ್ದು ಬದಲಾಯಿತು. ತೆಳ್ಳಗಾಗಿ ಚೀರತೊಡಗಿತು. "ಕ್ಲಚ್ ಹಿಡಿಯೋ! ಬಂದ್ ಮಾಡೋ!" ಎಂದು ಖಲೀಲ ಓಡಿದ. ಅಣ್ಣನಿಗೂ ಅದು ತಿಳಿದಿರಬೇಕು, ಆದರೆ ಕಾಲು ತೆಗೆಯಲಿಲ್ಲ. ಕರ್ರೆಂದು ಎಂಜಿನ್ನು ಕಚ್ಚಿಕೊಂಡಿತು. ಹಿಂದಿನ ಚಕ್ರಗಳು ನಿಂತಲ್ಲೇ ನಿಂತು, ಕಾರ್ಟು ಬುಗುರಿಯ ಹಾಗೆ ತಿರುಗಿ ಧೂಳಿನಲ್ಲಿ ಮುಳುಗಿತು.

ಅಣ್ಣನಿಗೆ ಏನೂ ಆಗಿರಲಿಲ್ಲ. ಸ್ಟೀರಿಂಗ್ ಹಿಡಿದು ಹಾಗೇ ಕೂತಿದ್ದ. ಖಲೀಲ ಕಾರ್ಬುರೇಟರ್ ಬಿಚ್ಚಿ ಅಂಗೈಗೆ ಬಗ್ಗಿಸಿದ. ಪೆಟ್ರೋಲಿನ ಜೊತೆ ಬೆಳ್ಳಗೆ ಗಟ್ಟಿಗಟ್ಟಿಯಾಗಿ ಏನೋ ಬಂತು. ಪೆಟ್ರೋಲು, ಎಣ್ಣೆ ಇಳಿಯುವ ಸೂಜಿಯ ಕಣ್ಣಿನಂಥ ತೂತಿಗೆ ಅದೇ ಮೆತ್ತಿಕೊಂಡಿತ್ತು. ಮೂಸಿ ನೋಡುವುದೇ ಬೇಕಿರಲಿಲ್ಲ. ನಮ್ಮ ಸೀಮೆಯಲ್ಲಿ ಹುಟ್ಟಿದ ಕೂಸಿಗೂ ಆ ವಾಸನೆ ಗೊತ್ತು.

"ಯಾರು ಹುಯ್ದದ್ದು?" ಅಂದ ಅಣ್ಣ.

ಅಪ್ಪ ಗುಂಪಿನಿಂದ ಮುಂದೆ ಬಂದ. "ನಾನೇ."

ಅಷ್ಟು ತಿಂಗಳ ಮೇಲೆ ಅವರು ನೇರವಾಗಿ ಆಡಿದ ಮೊದಲ ಮಾತು ಅದು.

"ಗೆದ್ದುಬುಡ್ತೀನಿ ಅಂತ ಹೆದರ್ಕೊಂಡು ವಿಷ ಹಾಕ್ದೆ. ಎದುರಿಗ್ ಬಂದು ಹೊಡೀಬಾರ್ದಾಗಿತ್ತಾ? ನೀನೊಬ್ಬ ಅಪ್ಪನಾ?"

ಅಪ್ಪ ಖಲೀಲನ ಅಂಗೈ ನೋಡಿದ. ಆಮೇಲೆ, "ಹೂಂ ಕಣ್ಲಾ, ಹಾಕ್ದೆ. ಏನೀಗ? ಎದ್ ಬಾ ಮನೆಗೆ" ಅಂದ.

"ಏಳಲ್ಲ. ಸುತ್ತು ಮುಗಿಯೋಗಂಟ ಇಳಿಯಲ್ಲ ಅಂದಿದ್ದೆ. ಇಲ್ಲೇ ಸಾಯ್ತೀನಿ, ಹೋಗು."

ಅಪ್ಪ ಹೋದ. ಹೋಗಿ ಎತ್ತು ಹೊಡೆದುಕೊಂಡು ಬಂದ. ಹಬ್ಬಕ್ಕೆ ಮೈ ತೊಳೆದು, ಕೊಂಬಿಗೆ ಕೆಂಪು ಬಣ್ಣ ಬಳಿದು, ಕೊರಳಿಗೆ ಚೆಂಡು ಹೂವಿನ ಹಾರ ಹಾಕಿದ ಎತ್ತುಗಳು. ಚಕ್ರ ಉರುಳಲೆಂದು ಖಲೀಲನಿಗೆ ಚೈನು ಬಿಚ್ಚಲು ಹೇಳಿ, ಕಾರ್ಟಿನ ಮೂತಿಗೆ ಹಗ್ಗ ಬಿಗಿದು ನೊಗಕ್ಕೆ ಕಟ್ಟಿದ. ಊರಿನ ದಾರಿ ಬಲಕ್ಕಿತ್ತು, ಹತ್ತಿರ. ಅಪ್ಪ ಎತ್ತುಗಳನ್ನು ಎಡಕ್ಕೆ ತಿರುಗಿಸಿ, ಉಳಿದ ಅರ್ಧ ಅಂಗಳದ ಉದ್ದಕ್ಕೂ ನಡೆಸಿದ. ಹಿಂದೆ ಎತ್ತಿನ ಬಾಲ ನೋಡುತ್ತ, ಮುಖದ ತುಂಬ ಧೂಳು ಬಡಿಸಿಕೊಂಡು, ಕಾಲು ಚಾಚಿ ಕೂತ ಅಣ್ಣ. "ಮದ್ವಣಿಗ ಬಂದ ಕಣ್ರಪ್ಪೋ!" ಎಂದು ಯಾರೋ ಕೂಗಿದರು. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಣ್ಣ ದಾರಿಯುದ್ದಕ್ಕೂ ಅಪ್ಪನ ಬೆನ್ನಿಗೆ ಬಯ್ಯುತ್ತಿದ್ದ. ಎಂಜಿನ್ನು ಕೆಡಿಸಿದ್ದೂ ಸಾಲದು ಅಂತ ಮೆರವಣಿಗೆ ಬೇರೆ ಮಾಡಿಸುತ್ತಿದ್ದಾನಲ್ಲ ಎಂದು ನನಗೆ ಅಪ್ಪನ ಮೇಲೆ ಹೇಸಿಗೆಯಾಯಿತು. ಅಳುತ್ತ ಪಕ್ಕದಲ್ಲೇ ನಡೆದೆ.

ತೂಬಿನ ಕಲ್ಲಿನ ಹತ್ತಿರ ಎತ್ತು ನಿಲ್ಲಿಸಿ ಅಪ್ಪ ಹಗ್ಗ ಬಿಚ್ಚಿದ. ಅಣ್ಣನನ್ನು ನೋಡಲಿಲ್ಲ. "ನಿಮ್ಮಣ್ಣಂಗೆ ಹೇಳು, ಸುತ್ತು ಆಯ್ತು ಅಂತ" ಅಂದು ಎತ್ತು ಹೊಡೆದುಕೊಂಡು ಹೊರಟುಹೋದ. ಅದನ್ನೂ ನಾನು ಅಣಕ ಅಂದುಕೊಂಡೆ. "ನಿಮ್ಮಪ್ಪಂಗೆ ಹೇಳು..." ಎಂದು ಅಣ್ಣ ಶುರು ಮಾಡಿದ. "ನಿಮ್ಮಿಬ್ಬರ ಮನೆ ಹಾಳಾಗ, ನೀವೇ ಹೇಳ್ಕೊಂಡು ಸಾಯ್ರಿ!" ಎಂದು ಕಿರುಚಿ ಮನೆಗೆ ಓಡಿದೆ.

ಮನೆಯಲ್ಲಿ ಅಮ್ಮ ದೇವರ ಕೋಣೆಯ ಬಾಗಿಲಲ್ಲಿ ನಿಂತು ಬಯ್ಯುತ್ತಿದ್ದಳು. "ಗಿಂಡಿ ಎಣ್ಣೆ ಎಲ್ಲೋಯ್ತೇ? ತುಂಬ್ಸಿ ಇಟ್ಟಿದ್ನಲ್ಲ. ಹಬ್ಬದ್ ದಿನ ದೇವ್ರು ಕತ್ಲಲ್ಲಿ ಕೂತವ್ನೆ."

ಗಿಂಡಿ ಬೋರಲಾಗಿತ್ತು. ತೊಟ್ಟೂ ಉಳಿದಿರಲಿಲ್ಲ. ನಾನು ಬಚ್ಚಲ ಕಡೆ ನೋಡಿದೆ. ಬೂದಿಯ ಮೇಲೆ ಗಿಂಡಿಯ ತಳದ ಗುರುತು ಹಾಗೇ ಇತ್ತು. ಹಾಳು ಮಾಡುವುದಕ್ಕೇ ಆಗಿದ್ದರೆ ಒಂದು ಹಿಡಿ ಮಣ್ಣು ಸಾಕಾಗುತ್ತಿತ್ತು. ಹೊಲಸು ಎಣ್ಣೆಯೂ ಮನೆಯಲ್ಲಿ ಬೇಕಾದಷ್ಟಿತ್ತು. ಮಗನ ಎಂಜಿನ್ನಿಗೆ ಎಣ್ಣೆ ಕಡಿಮೆ ಎಂದು ಕೇಳಿಸಿಕೊಂಡು, ಹರಳೆಣ್ಣೆ ಆಗುವುದಾದರೆ ನನ್ನ ಎಣ್ಣೆ ಯಾಕಾಗದು ಎಂದುಕೊಂಡು, ಚಳಿಯಲ್ಲಿ ಕೂತು ಕರಗಿಸಿ, ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯದನ್ನು ಕದ್ದು ಹೊಯ್ದು ಬಂದಿದ್ದ ಮುಟ್ಠಾಳ. ಆ ಚಳಿಗೆ ಅದು ಟ್ಯಾಂಕಿನ ತಳಕ್ಕಿಳಿದು ಮತ್ತೆ ಗಟ್ಟಿಯಾಗುತ್ತದೆ ಎಂದು ಹೊಳೆದಿರಲಿಲ್ಲ. ಅದನ್ನು ಬಾಯಿ ಬಿಟ್ಟು ಹೇಳುವ ಬದಲು ಊರ ಮುಂದೆ, ಹೂಂ ವಿಷ ಹಾಕಿದೆ ಅಂದು ನಿಂತಿದ್ದ.

ವಾಪಸು ಓಡಿದೆ. ಅಣ್ಣ ಇನ್ನೂ ಇಳಿದಿರಲಿಲ್ಲ. ಖಲೀಲ ಪಕ್ಕದಲ್ಲಿ ಬೀಡಿ ಸೇದುತ್ತಿದ್ದ. ಏದುಸಿರು ಬಿಡುತ್ತ ಗಿಂಡಿಯ ಕಥೆ ಹೇಳಿದೆ. ಅಣ್ಣ ಕಾರ್ಬುರೇಟರಿಗೆ ಮೆತ್ತಿದ್ದ ಆ ಬಿಳಿ ಎಣ್ಣೆಯನ್ನು ಬಳಿದುಕೊಂಡು ಹೆಬ್ಬೆರಳಿನಲ್ಲಿ ಉಜ್ಜಿದ. ಬಿಸಿಲಿಗೆ ಅದು ಕರಗಿ ಅವನ ಮಣಿಕಟ್ಟಿಗೆ ಇಳಿಯಿತು.

"ವಿಷ ಹಾಕಿದ್ದಿದ್ರೆ ಇವತ್ತೇ ಮನೆ ಬುಟ್ಟು ಹೋಗ್ತಿದ್ದೆ ಕಣೇ," ಅಂದ. ಕಣ್ಣಿನಲ್ಲಿ ಇನ್ನೂ ಕೆಂಡವೇ ಇತ್ತು. "ಈಗ ಈ ಮುದುಕನ್ನ ಬುಟ್ಟು ನಾನೆಲ್ಲಿ ಹೋಗಿ ಸಾಯ್ಲಿ?"

ಕ್ಷಮೆ, ಅಪ್ಪುಗೆ ಯಾವುದೂ ನಮ್ಮ ಮನೆಯಲ್ಲಿ ನಡೆಯಲಿಲ್ಲ. ಮಾರನೆಯ ಬೆಳಗ್ಗೆ ಅಪ್ಪ ಪಂಪಿನ ಮನೆಯ ಬೀಗದ ಕೈಯನ್ನು ನನ್ನ ಮುಂದೆ ಹಿಡಿದು, "ನಿಮ್ಮಣ್ಣಂಗೆ ಕೊಡು" ಅಂದ. ನಾನು ಅದನ್ನು ಪಡಸಾಲೆಯ ನಡುವೆ ಎಸೆದು, "ನೀನೇ ಕೊಡು" ಅಂದು ಒಳಗೆ ಹೋದೆ. ಮಧ್ಯಾಹ್ನ ಊಟದ ಹೊತ್ತಿಗೂ ಅದು ಅಲ್ಲೇ ಬಿದ್ದಿತ್ತು. ಇಬ್ಬರೂ ಅದನ್ನು ದಾಟಿಕೊಂಡು ಓಡಾಡಿದರು. ಸಂಜೆ ನೋಡಿದಾಗ ಇರಲಿಲ್ಲ. ಪಂಪಿನ ಮನೆಯ ಬಾಗಿಲು ತೆರೆದಿತ್ತು, ಒಳಗೆ ಸುತ್ತಿಗೆ ಸದ್ದು ಕೇಳುತ್ತಿತ್ತು. ಅಣ್ಣ ಅವತ್ತಿನಿಂದ ಇವತ್ತಿನವರೆಗೆ ಅಲ್ಲೇ ಸುತ್ತಮುತ್ತಲಿನವರ ಪಂಪು, ಸ್ಪ್ರೇಯರು, ಹುಲ್ಲಿನ ಮೆಷೀನು ರಿಪೇರಿ ಮಾಡಿಕೊಂಡಿದ್ದಾನೆ. ಆ ಕಚ್ಚಿಕೊಂಡ ಎಂಜಿನ್ನು ಮೂಲೆಯಲ್ಲಿದೆ, ಗುಜರಿಗೆ ಹೋಗಲಿಲ್ಲ.

ಬೀಗದ ಕೈಯನ್ನು ಬಗ್ಗಿ ಎತ್ತಿಕೊಂಡವರು ಯಾರು, ಕೊಟ್ಟವರು ಯಾರು ಎಂದು ಅಪ್ಪ ಸಾಯುವವರೆಗೂ ಬಾಯಿ ಬಿಡಲಿಲ್ಲ. ಹೋದ ತಿಂಗಳು ಮಂಜಣ್ಣನನ್ನು ಬಯ್ದು ಮುಗಿಸಿದ ಮೇಲೆ ಅಣ್ಣನನ್ನೇ ಕೇಳಿದೆ.

"ನಿಮ್ಮಪ್ಪನ್ನೇ ಕೇಳು ಹೋಗು," ಅಂದ.